ಹಿಂಗಾಲು

ನಮ್ಮ ಫ್ರೀಸಿಯನ್ ಮಾತಿನಲ್ಲಿ ಅಪ್ಪನಿಗೆ ಹೈಟ್ ಅನ್ನುತ್ತೇವೆ.
ನಗಬೇಡಿ, ಆತ ಇದ್ದದ್ದೂ ಹಾಗೇ:
ಚಾವಣಿಯ ದೀಪಗಳಿಗೆಲ್ಲ ತಲೆಬಾಗಿಯೇ ನಡೆದವನು.
ನನಗೆ ಬಿಟ್ಟುಹೋದದ್ದು
ಆರಡಿ ಆರಂಗುಲದ ಈ ಮೈ,
ಮತ್ತೆ ಒಂದು ಹುಚ್ಚು,
ಹಿಂದಿನ ಚಕ್ರ ತಳ್ಳುವ ಕಾರಿನದು.

ಡೋಕುಮ್‌ನಲ್ಲಿ ವೀಬ್ರೆನ್ನನ ಅಂಗಳ. ಫೆಬ್ರವರಿ.
ಸಾಲುಗಟ್ಟಿದ ಹಳೆ ಕಾರುಗಳ ಮೇಲೆ ಕಡಲಿನ ಉಪ್ಪುಗಾಳಿ.
ವೀಬ್ರೆನ್ ನನ್ನ ಭುಜಕ್ಕೂ ಬಾರದವನು,
ಯಾವ ಕಾರಿನಲ್ಲಿ ಕೂತರೂ ದರ್ಬಾರಿನಲ್ಲಿ ಕೂತಂತಿರುತ್ತಾನೆ.
"ಇದು ನೋಡು ಚಿಟ್ಸ್ಕೆ," ಅಂದ:
ಬಟ್ಟೆ ಮಾಡಿನ ಕೆಂಪು ಮಾಜ್ದಾ, ತೊಂಬತ್ತಾರರದು.
ಕೂತೆ. ಕೂತೆನೆಂದರೆ, ತೊಟ್ಟುಕೊಂಡೆ.
ಗಾಜಿನ ಚೌಕಟ್ಟು ಸರಿಯಾಗಿ ಹುಬ್ಬಿನ ನೇರಕ್ಕೆ,
ಅರ್ಧ ಲೋಕ ಗಾಜಿನಲ್ಲಿ, ಅರ್ಧ ಗಾಳಿಯಲ್ಲಿ.
ಸ್ಟಿಯರಿಂಗ್ ಎಡಕ್ಕೆ ತಿರುಗುತ್ತದೆ,
ಬಲಕ್ಕೆ ತೊಡೆ ಬಿಡುವುದಿಲ್ಲ.
"ಸೀಟಿನ ಸ್ಪಂಜು ಕೊಯ್ದರೆ ಎರಡಂಗುಲ ಸಿಗುತ್ತೆ."
"ನನ್ನನ್ನೇ ಕೊಯ್ದರೆ ಆರು ಸಿಗುತ್ತೆ," ಅಂದೆ.

ಆಮೇಲೆ ಬಿಎಂಡಬ್ಲ್ಯು. ಒಳ್ಳೆಯ ಕುದುರೆ,
ಆರು ಸಿಲಿಂಡರಿನ ಗುರುಗುಟ್ಟಿಗೆ ತೋಳಿನ ರೋಮವೆದ್ದವು.
ಆದರೆ ಯಾವನೋ ಪುಣ್ಯಾತ್ಮ, ನಮ್ಮೂರಿನ ಬಿಸಿಲಿಗೆ,
ಚಾವಣಿಯಲ್ಲೊಂದು ಕಿಟಕಿ ಹಾಕಿಸಿದ್ದ;
ಆ ಕಿಟಕಿಯ ದಪ್ಪ ಮೂರು ಬೆರಳು,
ಅಷ್ಟೂ ನನ್ನ ಕತ್ತಿನಿಂದ ವಸೂಲಿ.
ತಲೆ ವಾಲಿಸಿಕೊಂಡೇ ಕಾಲುವೆಯವರೆಗೆ ಹೋಗಿ ಬಂದೆ,
ಸದ್ದು ಕೇಳಿದ ಕೋಳಿಯ ಹಾಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರ ಪಾದ
ಎಂದೂ ಹಾಸಿಗೆಯಾಚೆ ಚಳಿಗೆ ಮಲಗಿದ್ದಿಲ್ಲ.
ಬಗ್ಗೋಣವೆಂದರೆ, ಬಗ್ಗಿದವಳಿಗೆ ಒಂದು ಗುದ್ದು ಹೆಚ್ಚು.
ಬಸ್ಸು, ಸೇತುವೆ ಎತ್ತುವ ನನ್ನ ಕಾವಲುಗೂಡು,
ಆರು ವರ್ಷ ಇದ್ದ ಗಂಡನ ತೋಳು,
ಎಲ್ಲದರೊಳಗೂ ಮಡಚಿಕೊಂಡೇ ಐವತ್ತೊಂದಾಯಿತು.

ಹೈಟ್‌ಗೆ ಇದ್ದದ್ದು ಡಾಫ್. ಬೆಂಕಿಪೊಟ್ಟಣದಂಥದು,
ರಬ್ಬರ್ ಬೆಲ್ಟು ಹಿಂದಿನ ಚಕ್ರ ತಿರುಗಿಸಬೇಕು,
ಮುಂದಕ್ಕೆ ಎಷ್ಟು ವೇಗವೋ ಹಿಂದಕ್ಕೂ ಅಷ್ಟೇ.
ಮೊಣಕಾಲ ನಡುವೆ ಸ್ಟಿಯರಿಂಗ್, ಅದರ ಮೇಲೆ ಗಲ್ಲ.
ಅಮ್ಮ ತೀರಿಕೊಂಡ ವರ್ಷ, ಒಂದು ಭಾನುವಾರ,
ಕಡಲೊಡ್ಡಿನ ದಾರಿಯಲ್ಲಿ ನನ್ನನ್ನು ಕೂರಿಸಿಕೊಂಡು
ಮೂರು ಕಿಲೋಮೀಟರ್
ಹಿಂದಕ್ಕೇ ಓಡಿಸಿದ, ಬೆಲ್ಟು ಕಿರುಚುವಷ್ಟು ವೇಗದಲ್ಲಿ.
ಯಾಕೆಂದು ಹೇಳಲಿಲ್ಲ. ನಾನು ಕೇಳಲಿಲ್ಲ.
ಕುರಿಗಳು ಚದುರಿದವು. ನಾವು ನಕ್ಕೆವು.

ಸಂಜೆಗೆ ವೀಬ್ರೆನ್ ಸೋತು ಶೆಡ್ಡಿನ ಹಿಂದಕ್ಕೆ ಕೈ ತೋರಿಸಿದ:
ಆರಿದ ಚಹಾದ ಬಣ್ಣ, ಉದ್ದ ಬೆನ್ನಿನ ವೋಲ್ವೋ,
ನಾಯಿ ಸಾಕುವವಳೊಬ್ಬಳದು, ಇನ್ನೂ ಹೋಗದ ನಾಯಿವಾಸನೆ.
"ಹಿಂಗಾಲಿನದೇ. ಆದರೆ ಮಜಾ ಎಲ್ಲಿ? ಇದು ಬಟ್ಟೆ ಬೀರು."
ಸೀಟು ಹಿಂದಕ್ಕೆ ಸರಿಸಿದೆ.
ಸರಿಯಿತು, ಇನ್ನೂ ಸರಿಯಿತು, ಸಾಕು ಅಂದವಳು ನಾನೇ.
ತಲೆಯ ಮೇಲೆ ಒಂದು ಮುಷ್ಟಿ ಖಾಲಿ ಜಾಗ!
ಆ ಜಾಗವನ್ನು ಏನು ಮಾಡುವುದೆಂದು ತಿಳಿಯದೆ
ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಮ್ಮದು ಹೆಂಚಿನಂಥ ನೆಲ, ಏರಿಲ್ಲ ಇಳಿವಿಲ್ಲ,
ತಿರುವು ಅಂತ ಇರುವುದು ಚರ್ಚನ್ನು ಬಳಸುವಲ್ಲಿ.
ಅಲ್ಲಿ ಇಟ್ಟಿಗೆ ಹಾದಿಗೆ ತೆಳುಹಿಮ.
ಕಾಲು ಒಂದು ಕೂದಲು ಹೆಚ್ಚು ಒತ್ತಿದೆ, ಬೇಕೆಂದೇ.
ಬೀರು ಬಾಲ ಬೀಸಿತು.
ಮನೆಯವರ ಗುರುತು ಹಿಡಿದ ನಾಯಿಯ ಹಾಗೆ
ಇಡೀ ಹಿಂಭಾಗ ಆಡಿತು; ಸೊಂಟದ ಕೆಳಗೆಲ್ಲೋ
ಯಾರೋ ಮೆಲ್ಲನೆ ತಳ್ಳಿದರು.
ಸ್ಟಿಯರಿಂಗ್ ಎದುರು ದಿಕ್ಕಿಗೆ ತಿರುಗಿಸಿದೆ. ತೊಡೆ ತಡೆಯಲಿಲ್ಲ.
ವೀಬ್ರೆನ್ ಬಾಗಿಲ ಹಿಡಿ ಹಿಡಿದು
ತಾನು ನಂಬದ ದೇವರನ್ನು ಕರೆಯುತ್ತಿದ್ದ.

ಸಾವಿರದ ಒಂಬೈನೂರು ಯೂರೋ.
ಚೌಕಾಸಿ ಮಾಡಿದ್ದರೆ ನೂರು ಇಳಿಯುತ್ತಿತ್ತು.
ಅವನನ್ನು ಅಂಗಳದಲ್ಲಿಳಿಸಿ ಮತ್ತೆ ಚರ್ಚಿನ ಕಡೆ ಹೋದೆ,
ನಾಲ್ಕು ಸುತ್ತು.
ಪಾದ್ರಿಯ ಮನೆಯಲ್ಲಿ ಪರದೆ ಸರಿಯಿತು.
ಐದು.